ಎಣಿಕೆಗೆ ಸಿಗದ ಮುಪ್ಪು

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವನ್ನು ತೆಳುವಾಗಿ ಎಳೆದು, ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ನೂರು ಬಿಳಿ ರಕ್ತಕಣಗಳಲ್ಲಿ ಯಾವ ಬಗೆಯವು ಎಷ್ಟಿವೆ ಎಂದು ಎಣಿಸಿ ಬರೆಯುವುದು ನನ್ನ ದಿನಚರಿಯಾಗಿತ್ತು. ಯಂತ್ರಗಳು ಬಂದ ಮೇಲೂ ಅನುಮಾನ ಬಂದ ಸ್ಲೈಡುಗಳನ್ನು ಕಣ್ಣಿನಿಂದಲೇ ನೋಡುತ್ತಿದ್ದೆವು. ಆ ವರ್ಷಗಳಲ್ಲಿ ಎಷ್ಟೋ ಸಲ ಕಂಡಿದ್ದರೂ ನಾನು ಯೋಚಿಸದೆ ಬಿಟ್ಟಿದ್ದ ಸಂಗತಿಯೊಂದಿದೆ: ಚೀಟಿಯ ಮೇಲಿನ ವಯಸ್ಸನ್ನು ಮುಚ್ಚಿಟ್ಟರೆ, ಆರೋಗ್ಯವಾಗಿರುವ ಎಪ್ಪತ್ತೈದರ ಹಿರಿಯರ ಸ್ಲೈಡನ್ನೂ ಇಪ್ಪತ್ತೈದರ ಯುವಕರ ಸ್ಲೈಡನ್ನೂ ಬೇರೆ ಬೇರೆ ಎಂದು ಗುರುತಿಸುವುದು ಅನುಭವಿಗಳಿಗೂ ಸಾಧ್ಯವಾಗುವುದಿಲ್ಲ. ಒಟ್ಟು ಸಂಖ್ಯೆ ಒಂದು ಮೈಕ್ರೋಲೀಟರಿಗೆ 4,000ದಿಂದ 11,000ದ ನಡುವೆ ಇಬ್ಬರಲ್ಲೂ ಇರುತ್ತದೆ. ಬ್ಯಾಕ್ಟೀರಿಯಾಗಳನ್ನು ನುಂಗುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಪಾಲು ಇಬ್ಬರಲ್ಲೂ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಕೋಶಕೇಂದ್ರದ ಹಾಲೆಗಳೂ ಒಂದೇ ರೀತಿ ಕಾಣುತ್ತವೆ.

ಇದನ್ನು ಮತ್ತೆ ಯೋಚಿಸುವಂತೆ ಮಾಡಿದ್ದು ನನ್ನ ತಾಯಿಯವರ ಕಾಯಿಲೆ. ಎಂಬತ್ತೊಂದರ ಅವರು ಒಂದು ಮುಂಜಾನೆ ಎದ್ದು, ನಾನು ಯಾರೆಂದು ಕೇಳಿದರು. ಜ್ವರವಿರಲಿಲ್ಲ, ಕೆಮ್ಮು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ರಕ್ತದ ವರದಿಯಲ್ಲಿ ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ 8,400 ಎಂದಿತ್ತು. ಅದನ್ನು ನೋಡಿ ಸೋಂಕಿರಲಾರದು ಎಂದು ನಾನೇ ಹೇಳಿದೆ. ಎದೆಯ ಎಕ್ಸ್‌ರೇ ತೆಗೆದಾಗ ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿಕೊಂಡು ಅದೇ ರಕ್ತದ ಸ್ಲೈಡನ್ನು ನೋಡಿದೆ. ಸಂಖ್ಯೆ ಏರಿರಲಿಲ್ಲ, ಆದರೆ ಕೋಶಕೇಂದ್ರ ಇನ್ನೂ ಹಾಲೆಗಳಾಗಿ ಒಡೆಯದ, ಪಟ್ಟಿಯಂತೆ ಬಾಗಿರುವ ಎಳೆಯ ನ್ಯೂಟ್ರೋಫಿಲ್‌ಗಳು ಬಹಳ ಇದ್ದವು. ಅಸ್ಥಿಮಜ್ಜೆ ಒತ್ತಡಕ್ಕೆ ಸಿಕ್ಕಿ, ಇನ್ನೂ ಬಲಿಯದ ಕಣಗಳನ್ನು ಹೊರಗೆ ಕಳುಹಿಸುತ್ತಿತ್ತು. ವಯಸ್ಸಾದವರ ಗಂಭೀರ ಸೋಂಕಿನಲ್ಲಿ ಜ್ವರ ಬರದಿರುವುದೂ, ಒಟ್ಟು ಸಂಖ್ಯೆ ಏರದಿರುವುದೂ, ಮೊದಲ ಲಕ್ಷಣ ಗೊಂದಲವೇ ಆಗಿರುವುದೂ ವೈದ್ಯರಿಗೆ ಹೊಸದಲ್ಲ. ಎಣಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದ ನನಗೆ ಅದು ಮನಸ್ಸಿಗೆ ನಾಟಿದ್ದು ಆಗಲೇ. ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ.

ರೋಗನಿರೋಧಕ ವ್ಯವಸ್ಥೆಯಲ್ಲಿ ಎರಡು ವಿಭಾಗಗಳಿವೆ ಎಂಬುದು ಬಹುತೇಕ ಓದುಗರಿಗೆ ತಿಳಿದಿರುತ್ತದೆ. ಟಿ ಮತ್ತು ಬಿ ಕೋಶಗಳದ್ದು ಕಲಿತು ನೆನಪಿಟ್ಟುಕೊಳ್ಳುವ ವಿಭಾಗ. ಮುಪ್ಪಿನ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಬಗ್ಗೆಯೇ, ಅದರಲ್ಲೂ ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಕುಗ್ಗುವುದರ ಬಗ್ಗೆ ಬರೆಯುತ್ತಾರೆ. ಇನ್ನೊಂದು ಹುಟ್ಟಿನಿಂದಲೇ ಸಿದ್ಧವಾಗಿರುವ, ಯಾವ ರೋಗಾಣುವನ್ನೂ ಮೊದಲೇ ಪರಿಚಯ ಮಾಡಿಕೊಳ್ಳಬೇಕಿಲ್ಲದ ಜನ್ಮಜಾತ ವಿಭಾಗ. ಚರ್ಮದಲ್ಲಿ ಗಾಯವಾದ ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ಬಂದು ಸೇರುವುದು ಇದರ ಕಣಗಳು: ನ್ಯೂಟ್ರೋಫಿಲ್, ಮೊನೊಸೈಟ್, ಅದರಿಂದ ಹುಟ್ಟುವ ಮ್ಯಾಕ್ರೋಫೇಜ್, ಡೆಂಡ್ರೈಟಿಕ್ ಕೋಶ ಮತ್ತು ನ್ಯಾಚುರಲ್ ಕಿಲ್ಲರ್ ಕೋಶ. ಇವಕ್ಕೆ ನೆನಪಿನ ಹೊರೆಯಿಲ್ಲ, ಆದ್ದರಿಂದ ಮುಪ್ಪೂ ಇಲ್ಲ ಎಂದು ಬಹುಕಾಲ ಭಾವಿಸಲಾಗಿತ್ತು. ಸಂಖ್ಯೆ ಕುಗ್ಗದಿರುವುದೇ ಆ ಭಾವನೆಗೆ ಆಧಾರವಾಗಿದ್ದಿರಬೇಕು ಎಂಬುದು ನನ್ನ ಊಹೆ.

ಈ ಕಣಗಳ ಕೆಲಸವನ್ನು ಮೊದಲು ಅರ್ಥಮಾಡಿಕೊಂಡವರು ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳೊಂದನ್ನು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದಾಗ ಚಲಿಸುವ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ನುಂಗಿ ಕೊಲ್ಲುವ ಈ ಕೋಶಗಳ ಅಧ್ಯಯನಕ್ಕಾಗಿ 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು. ಅದೇ ಮೆಚ್ನಿಕಾಫ್ ಮುಪ್ಪಿನ ಅಧ್ಯಯನಕ್ಕೆ 'ಜೆರೊಂಟಾಲಜಿ' ಎಂಬ ಹೆಸರನ್ನೂ ಕೊಟ್ಟರು. ಮುಪ್ಪಿಗೆ ಮ್ಯಾಕ್ರೋಫೇಜ್‌ಗಳೇ ಕಾರಣ, ಕೂದಲು ಬೆಳ್ಳಗಾಗುವುದೂ ಅವು ಬಣ್ಣವನ್ನು ತಿನ್ನುವುದರಿಂದಲೇ ಎಂದು ಅವರು ನಂಬಿದ್ದರು. ಕೂದಲಿನ ವಿಷಯದಲ್ಲಿ ಅವರು ತಪ್ಪಿದ್ದರು. ಆದರೆ ಕಾಯುವ ಕೋಶಗಳೇ ವಯಸ್ಸಾದ ದೇಹಕ್ಕೆ ಹಾನಿ ಮಾಡಬಲ್ಲವು ಎಂಬ ಅವರ ಅನುಮಾನ ನೂರು ವರ್ಷಗಳ ಬಳಿಕ ಬೇರೆ ದಾರಿಯಿಂದ ನಿಜವಾಗಿದೆ.

ಈಗ ನ್ಯೂಟ್ರೋಫಿಲ್‌ಗೆ ಬರುತ್ತೇನೆ. ನನಗೆ ಅತಿ ಪರಿಚಿತವಾದ ಕಣವೂ ಅದೇ. ವಯಸ್ಕರ ಅಸ್ಥಿಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಅವುಗಳ ಆಯುಸ್ಸು ಕೆಲವು ಗಂಟೆಗಳು, ಹೆಚ್ಚೆಂದರೆ ಕೆಲವು ದಿನಗಳು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎಂಬತ್ತರ ಹಿರಿಯರ ರಕ್ತದಲ್ಲಿ ಈಗ ಓಡಾಡುತ್ತಿರುವ ನ್ಯೂಟ್ರೋಫಿಲ್‌ಗೆ ಎಂಬತ್ತು ವರ್ಷವಾಗಿಲ್ಲ. ಅದು ನಿನ್ನೆಯೋ ಮೊನ್ನೆಯೋ ಮಜ್ಜೆಯಿಂದ ಹೊರಬಂದದ್ದು. ಹೃದಯದ ಸ್ನಾಯುವಿನಂತೆಯೋ ಕಣ್ಣಿನ ಮಸೂರದಂತೆಯೋ ದಶಕಗಳ ಕಾಲ ಸವೆಯಲು ಅದಕ್ಕೆ ಅವಕಾಶವೇ ಇಲ್ಲ. ಹಾಗಿದ್ದರೂ ಅದರ ನಡವಳಿಕೆ ಮುದುಕರದ್ದೇ. ಮುಪ್ಪು ಕಣದ ಆಯುಸ್ಸಿನಲ್ಲಿಲ್ಲದೆ, ಅದನ್ನು ಹೆತ್ತ ಮಜ್ಜೆಯಲ್ಲಿಯೂ ಅದು ಈಜುವ ರಕ್ತದಲ್ಲಿಯೂ ಇದೆ ಎಂದಾಯಿತು.

ಹಾಗಾದರೆ ಆ ನಡವಳಿಕೆಯಲ್ಲಿ ಏನು ಬದಲಾಗುತ್ತದೆ? ಸೋಂಕಾದ ಜಾಗದಿಂದ ಹೊರಡುವ ರಾಸಾಯನಿಕ ಸಂಕೇತಗಳ ಸಾಂದ್ರತೆ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ನ್ಯೂಟ್ರೋಫಿಲ್ ಚಲಿಸಬೇಕು. ಇರುವೆಗಳು ಸಕ್ಕರೆಯ ವಾಸನೆ ಹಿಡಿದು ಬರುವಂತೆ ಎನ್ನಬಹುದು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಎಲಿಜಬೆತ್ ಸೇಪಿ, ಜಾನೆಟ್ ಲಾರ್ಡ್ ಮತ್ತು ಅವರ ಸಂಗಡಿಗರು ಆರೋಗ್ಯವಂತ ಹಿರಿಯರ ಮತ್ತು ಯುವಕರ ರಕ್ತದಿಂದ ನ್ಯೂಟ್ರೋಫಿಲ್‌ಗಳನ್ನು ಬೇರ್ಪಡಿಸಿ, ಅವು ಸಂಕೇತದ ಕಡೆಗೆ ಹೇಗೆ ಹೋಗುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಡಿ ಚಿತ್ರೀಕರಿಸಿ ಅಳೆದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಹಿರಿಯರ ನ್ಯೂಟ್ರೋಫಿಲ್‌ಗಳು ನಿಧಾನವಾಗಿರಲಿಲ್ಲ. ಓಡುವ ವೇಗ ಹಾಗೆಯೇ ಇತ್ತು, ಕೆಟ್ಟಿದ್ದದ್ದು ದಿಕ್ಕು. ಅವು ಅತ್ತ ಇತ್ತ ಅಲೆದು, ಬಳಸು ದಾರಿ ಹಿಡಿದು, ಗುರಿಗೆ ತಡವಾಗಿ ಮುಟ್ಟುತ್ತಿದ್ದವು.

ಈ ಅಲೆದಾಟದಿಂದ ಎರಡು ನಷ್ಟಗಳಾಗುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ದೊಡ್ಡದು. ಮೊದಲನೆಯದು ಯಾರಿಗಾದರೂ ಹೊಳೆಯುವಂಥದ್ದು: ಕಣಗಳು ತಡವಾಗಿ ಬಂದಷ್ಟೂ ಬ್ಯಾಕ್ಟೀರಿಯಾಗಳಿಗೆ ದ್ವಿಗುಣಗೊಳ್ಳಲು ಸಮಯ ಸಿಗುತ್ತದೆ. ಎರಡನೆಯದನ್ನು ತಿಳಿಯಲು ನ್ಯೂಟ್ರೋಫಿಲ್ ಅಂಗಾಂಶದೊಳಗೆ ಹೇಗೆ ಸಾಗುತ್ತದೆ ಎಂಬುದು ಗೊತ್ತಿರಬೇಕು. ಅದು ತನ್ನ ಕಣಿಕೆಗಳಿಂದ ಇಲಾಸ್ಟೇಸ್‌ನಂಥ ಕಿಣ್ವಗಳನ್ನು ಹೊರಬಿಡುತ್ತದೆ, ಮತ್ತು ಆ ಕಿಣ್ವಗಳು ಶ್ವಾಸಕೋಶಕ್ಕೆ ಹಿಗ್ಗುವ ಗುಣವನ್ನು ಕೊಡುವ ಇಲಾಸ್ಟಿನ್ ನಾರುಗಳನ್ನೂ ಕರಗಿಸಬಲ್ಲವು. ನೇರ ದಾರಿಯಲ್ಲಿ ಹೋಗುವ ಕಣದಿಂದ ಆಗುವ ಹಾನಿ ಅಲ್ಪ. ದಾರಿ ತಪ್ಪಿ ತಿರುಗುವ ಕಣ ಹೋದಲ್ಲೆಲ್ಲ ಹಾನಿಯ ಗುರುತನ್ನು ಬಿಟ್ಟು ಹೋಗುತ್ತದೆ. ಸೋಂಕು ಇರುವ ಜಾಗಕ್ಕೆ ತಲುಪಬೇಕಾದ ಆಯುಧ ಸೋಂಕಿಲ್ಲದ ಜಾಗದಲ್ಲಿ ಬಳಕೆಯಾಗುತ್ತದೆ.

ದಿಕ್ಕು ತಪ್ಪುವ ಕಾರಣವನ್ನೂ ಅದೇ ತಂಡ ಹುಡುಕಿತು. ಯಾವುದು ಮುಂದು, ಯಾವುದು ಹಿಂದು ಎಂದು ಕೋಶಕ್ಕೆ ತಿಳಿಸುವ ಸಂಕೇತ ಸರಪಳಿಯಲ್ಲಿ ಪಿಐ3-ಕೈನೇಸ್ ಎಂಬ ಕಿಣ್ವವೊಂದಿದೆ. ಸಾಮಾನ್ಯವಾಗಿ ಅದು ಸಂಕೇತ ಬಂದಾಗ, ಬಂದ ಕಡೆಯಲ್ಲಿ ಮಾತ್ರ ಚುರುಕಾಗುತ್ತದೆ. ಹಿರಿಯರ ಕಣಗಳಲ್ಲಿ ಅದು ಯಾವ ಸಂಕೇತವೂ ಇಲ್ಲದಿರುವಾಗಲೂ ಚುರುಕಾಗಿಯೇ ಇತ್ತು. ಎಲ್ಲ ಕಡೆಯಿಂದಲೂ ಗದ್ದಲ ಕೇಳುತ್ತಿರುವಾಗ ಒಬ್ಬರ ಕೂಗು ಯಾವ ಕಡೆಯಿಂದ ಬಂತೆಂದು ಹೇಳುವುದು ಹೇಗೆ ಕಷ್ಟವೋ ಹಾಗೆ. ಆ ಕಿಣ್ವದ ನಿರ್ದಿಷ್ಟ ರೂಪಗಳನ್ನು ಪ್ರಯೋಗಾಲಯದಲ್ಲಿ ತಡೆದಾಗ ಹಿರಿಯರ ನ್ಯೂಟ್ರೋಫಿಲ್‌ಗಳು ಮತ್ತೆ ನೇರವಾಗಿ ಓಡಿದವು. ಯಂತ್ರ ಕೆಟ್ಟಿಲ್ಲ, ಅದನ್ನು ನಡೆಸುವ ಸೂಚನೆ ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಗುರಿ ಮುಟ್ಟಿದ ಮೇಲಿನ ಕೆಲಸದಲ್ಲೂ ಕೊರತೆಗಳಿವೆ. ಪ್ರತಿಕಾಯ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಹಿಡಿಯಲು ನೆರವಾಗುವ ಸಿಡಿ16 ಎಂಬ ಗ್ರಾಹಕ (ಕೋಶದ ಮೇಲ್ಮೈಯಲ್ಲಿರುವ, ಹಿಡಿದುಕೊಳ್ಳುವ ಪ್ರೋಟೀನು) ಹಿರಿಯರ ನ್ಯೂಟ್ರೋಫಿಲ್‌ಗಳ ಮೇಲೆ ಕಡಿಮೆಯಿರುತ್ತದೆ, ಆದ್ದರಿಂದ ಒಂದೊಂದು ಕಣವೂ ನುಂಗುವ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯುತ್ತದೆ. ನುಂಗಿದ್ದನ್ನು ಕೊಲ್ಲಲು ಬೇಕಾದ ಪ್ರಬಲ ಆಕ್ಸಿಜನ್ ಸಂಯುಕ್ತಗಳ ಉತ್ಪಾದನೆಯೂ, ಸ್ಟೆಫೈಲೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳ ಎದುರಿನಲ್ಲಿ, ತಗ್ಗುತ್ತದೆ. ಇನ್ನೊಂದು ಆಯುಧವನ್ನು 2004ರಲ್ಲಷ್ಟೇ ಕಂಡುಹಿಡಿಯಲಾಯಿತು: ನ್ಯೂಟ್ರೋಫಿಲ್ ತನ್ನ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಬೀಸಿ, ಅದಕ್ಕೆ ವಿಷಕಾರಿ ಪ್ರೋಟೀನುಗಳನ್ನು ಹಚ್ಚಿ, ಬ್ಯಾಕ್ಟೀರಿಯಾಗಳನ್ನು ಅದರಲ್ಲಿ ಸಿಲುಕಿಸುತ್ತದೆ. ನಾನು ಹಳೆಯ ಸ್ಲೈಡುಗಳಲ್ಲಿ 'ಒಡೆದುಹೋದ ಕಣ' ಎಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟವುಗಳಲ್ಲಿ ಒಂದೆರಡಾದರೂ ಇಂಥವಿದ್ದಿರಬಹುದೇ ಎಂದು ಕೆಲವೊಮ್ಮೆ ಅನಿಸುತ್ತದೆ, ಆದರೆ ಹೆಚ್ಚಿನವು ನನ್ನ ಕೈಯ ಒರಟುತನದಿಂದ ಒಡೆದವೇ ಇರಬೇಕು. ಈ ಬಲೆ ಬೀಸುವ ಸಾಮರ್ಥ್ಯವೂ ವಯಸ್ಸಿನೊಂದಿಗೆ ಕುಂದುತ್ತದೆ.

ಮೂಳೆ ಮುರಿದ ಹಿರಿಯರ ಉದಾಹರಣೆ ಇಲ್ಲಿ ಬಹಳ ಮುಖ್ಯ. ಬಿದ್ದು ಸೊಂಟದ ಮೂಳೆ ಮುರಿದುಕೊಂಡವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯಲ್ಲಿ ಕಷ್ಟಪಡುವುದು ಮೂಳೆಯಿಂದಲ್ಲ, ನಂತರ ಬರುವ ಎದೆಯ ಅಥವಾ ಮೂತ್ರದ ಸೋಂಕಿನಿಂದ. ಪೆಟ್ಟು ಬಿದ್ದಾಗ ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಅದು ರೋಗನಿರೋಧಕ ಕಣಗಳನ್ನು ಹತ್ತಿಕ್ಕುತ್ತದೆ. ಅದರ ಪರಿಣಾಮವನ್ನು ಸರಿದೂಗಿಸುವ ಡಿಎಚ್ಇಎ ಎಂಬ ಇನ್ನೊಂದು ಹಾರ್ಮೋನು ಇಪ್ಪತ್ತು-ಮೂವತ್ತರ ವಯಸ್ಸಿನಲ್ಲಿ ಶಿಖರ ಮುಟ್ಟಿ, ಎಪ್ಪತ್ತು-ಎಂಬತ್ತರ ಹೊತ್ತಿಗೆ ಅದರ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಕಾರ್ಟಿಸಾಲ್ ಹಾಗೆ ಇಳಿಯುವುದಿಲ್ಲ. ಹೀಗೆ ತಕ್ಕಡಿ ಒಂದು ಕಡೆಗೆ ವಾಲಿರುವಾಗ, ಮುರಿತದ ನಂತರದ ದಿನಗಳಲ್ಲಿ ಹಿರಿಯರ ನ್ಯೂಟ್ರೋಫಿಲ್‌ಗಳ ಕೊಲ್ಲುವ ಶಕ್ತಿ ಇನ್ನಷ್ಟು ಕುಸಿಯುತ್ತದೆ. ಅಷ್ಟೇ ದೊಡ್ಡ ಪೆಟ್ಟು ಬಿದ್ದ ಯುವಕರಲ್ಲಿ ಹಾಗೆ ಆಗುವುದು ಕಾಣುವುದಿಲ್ಲ.

ಮೊನೊಸೈಟ್ ಮತ್ತು ಮ್ಯಾಕ್ರೋಫೇಜ್‌ಗಳ ಕಥೆಯಲ್ಲಿ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ವೈರಸ್ಸೊಂದು ಒಳಹೊಕ್ಕಾಗ ಮೊನೊಸೈಟ್ ಎರಡು ಬಗೆಯ ಸಂದೇಶಗಳನ್ನು ಹೊರಡಿಸಬೇಕು. ಒಂದು ಇಂಟರ್‌ಫೆರಾನ್, ಅದು ನೆರೆಯ ಕೋಶಗಳಿಗೆ ವೈರಸ್ಸನ್ನು ಒಳಗೆ ಬೆಳೆಯಗೊಡದಂತೆ ಎಚ್ಚರಿಕೆ ಕೊಡುತ್ತದೆ. ಇನ್ನೊಂದು ಉರಿಯೂತವನ್ನು ಹೆಚ್ಚಿಸುವ ಸೈಟೋಕೈನ್‌ಗಳು. ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿಯವರ ತಂಡ ಹಿರಿಯರ ಮೊನೊಸೈಟ್‌ಗಳಿಗೆ ಇನ್‌ಫ್ಲುಯೆಂಜಾ ವೈರಸ್ಸನ್ನು ಒಡ್ಡಿ ನೋಡಿದಾಗ, ಎರಡನೆಯದು ಯುವಕರಲ್ಲಿರುವಂತೆಯೇ ಹೊರಡುತ್ತಿತ್ತು, ಮೊದಲನೆಯದು ಮಾತ್ರ ಬಹಳ ಕುಂಠಿತವಾಗಿತ್ತು. ಅಂದರೆ ವೈರಸ್ಸನ್ನು ತಡೆಯುವ ಭಾಗ ಸೊರಗಿದೆ, ಅಂಗಾಂಶವನ್ನು ಸುಡುವ ಭಾಗ ಹಾಗೆಯೇ ಉಳಿದಿದೆ. ಹಿರಿಯರಲ್ಲಿ ಫ್ಲೂ ಜ್ವರ ಏಕೆ ಇಷ್ಟು ಘಾತಕವಾಗುತ್ತದೆ ಎಂಬುದನ್ನು 'ಶಕ್ತಿ ಕಡಿಮೆಯಾಗಿದೆ' ಎಂಬ ಒಂದು ಮಾತಿನಿಂದ ವಿವರಿಸಲಾಗದು.

ಉರಿಯೂತ ಶುರುವಾಗುವುದಕ್ಕಿಂತ ಅದು ನಿಲ್ಲುವುದು ಕಷ್ಟದ ಕೆಲಸ. ಕೆಲಸ ಮುಗಿಸಿ ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್‌ಗಳು ನುಂಗಿ ತೆಗೆಯಬೇಕು. ಹಾಗೆ ನುಂಗುವುದೇ ಅವುಗಳಿಗೆ ಇನ್ನು ಸಾಕು, ಗಾಯ ಮಾಯಲಿ ಎಂಬ ಸೂಚನೆಯೂ ಆಗಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸ್ವಯಂಸೇವಕರ ಮುಂಗೈ ಚರ್ಮದೊಳಗೆ ಸತ್ತ ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ಚುಚ್ಚಿ, ಅಲ್ಲಿ ಗುಳ್ಳೆ ಎಬ್ಬಿಸಿ, ಒಳಗಿನ ದ್ರವವನ್ನು ಪರೀಕ್ಷಿಸಿದರು. ಉರಿಯೂತ ಹುಟ್ಟುವ ಹಂತದಲ್ಲಿ ಹಿರಿಯರಿಗೂ ಯುವಕರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಯುವಕರಲ್ಲಿ ಅದು ಬೇಗನೆ ತಣ್ಣಗಾಯಿತು, ಹಿರಿಯರಲ್ಲಿ ಉಳಿದುಕೊಂಡಿತು. ಏಕೆಂದರೆ ಸತ್ತ ಕಣಗಳನ್ನು ಗುರುತಿಸುವ ಟಿಮ್-4 ಎಂಬ ಗ್ರಾಹಕ ಹಿರಿಯರ ಮ್ಯಾಕ್ರೋಫೇಜ್‌ಗಳ ಮೇಲೆ ಕಡಿಮೆಯಾಗಿತ್ತು. ಪಿ38 ಎಂಬ ಕಿಣ್ವವನ್ನು ತಡೆಯುವ ಔಷಧಿಯನ್ನು ಕೊಟ್ಟಾಗ ಗ್ರಾಹಕ ಮರಳಿತು, ಉರಿಯೂತವೂ ಇಳಿಯಿತು. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇಲ್ಲಿಯೂ ಹಿಂದಿನ ಪ್ರಯೋಗದಂತೆಯೇ ಕೆಟ್ಟಿದ್ದದ್ದು ಸೂಚನೆ, ಸರಿಪಡಿಸಿದಾಗ ಕೋಶ ತನ್ನ ಕೆಲಸವನ್ನು ಮರೆತಿರಲಿಲ್ಲ.

ಆರದೆ ಉಳಿಯುವ ಈ ಉರಿಯೂತಕ್ಕೆ 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 'ಇನ್‌ಫ್ಲಮ್ಮೇಜಿಂಗ್' ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಮುಪ್ಪಿನ ಕಿರುಉರಿ ಎಂದು ಕರೆಯಬಹುದೇನೋ. ಬೂದಿ ಮುಚ್ಚಿದ ಕೆಂಡದಂತೆ, ರೋಗವೆಂದು ಗುರುತಿಸುವಷ್ಟು ಹೆಚ್ಚಿಲ್ಲದ ಇದು ರಕ್ತದಲ್ಲಿ ಐಎಲ್-6ನಂಥ ಸೈಟೋಕೈನ್‌ಗಳ ಮಟ್ಟವನ್ನು ಸದಾ ಸ್ವಲ್ಪ ಮೇಲಿಟ್ಟಿರುತ್ತದೆ. ನ್ಯೂಟ್ರೋಫಿಲ್‌ನ ಕಿವಿಗೆ ಸದಾ ಬೀಳುವ ಗದ್ದಲದ ಮಾತನ್ನು ಮೇಲೆ ಹೇಳಿದ್ದೆ. ಆ ಗದ್ದಲದ ಒಂದು ಭಾಗ ಇದೇ ಇರಬೇಕು.

ಡೆಂಡ್ರೈಟಿಕ್ ಕೋಶಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಇವು ರೋಗಾಣುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವ ಕೊಂಡಿಗಳು. ಹಿರಿಯರಲ್ಲಿ ರೋಗಾಣುವಿನ ಸುಳಿವು ಹಿಡಿಯುವ ಇವುಗಳ ಟೋಲ್ ಗ್ರಾಹಕಗಳ ಸ್ಪಂದನೆ ಕುಂದಿರುತ್ತದೆ, ಮತ್ತು ಹಾಗೆ ಕುಂದಿರುವವರಲ್ಲಿ ಫ್ಲೂ ಲಸಿಕೆಗೆ ಪ್ರತಿಕಾಯಗಳೂ ಕಡಿಮೆ ಹುಟ್ಟುತ್ತವೆ ಎಂದು 2010ರಲ್ಲೇ ತೋರಿಸಲಾಗಿದೆ. ಲಸಿಕೆ ಹಿರಿಯರಲ್ಲಿ ಕಡಿಮೆ ಫಲ ಕೊಡುವುದಕ್ಕೆ ಬಿ ಕೋಶಗಳನ್ನಷ್ಟೇ ದೂರುವುದು ಪೂರ್ತಿ ಸರಿಯಲ್ಲ.

ನ್ಯಾಚುರಲ್ ಕಿಲ್ಲರ್ ಕೋಶಗಳಲ್ಲಿ ಎಣಿಕೆಯ ಮೋಸ ಅತ್ಯಂತ ಸ್ಪಷ್ಟ, ಏಕೆಂದರೆ ವಯಸ್ಸಾದಂತೆ ಇವುಗಳ ಸಂಖ್ಯೆ ಹೆಚ್ಚುತ್ತದೆ. ವೈರಸ್ ಹೊಕ್ಕ ಕೋಶಕ್ಕೋ ಕ್ಯಾನ್ಸರ್ ಕೋಶಕ್ಕೋ ಅಂಟಿಕೊಂಡು, ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯಲ್ಲಿ ರಂಧ್ರ ಕೊರೆದು, ಆ ದಾರಿಯಲ್ಲಿ ಕೊಲ್ಲುವ ಕಿಣ್ವಗಳನ್ನು ಒಳಕ್ಕೆ ಬಿಡುವುದು ಇವುಗಳ ರೀತಿ. ಹಿರಿಯರ ಕೋಶ ಗುರಿಗೆ ಅಂಟಿಕೊಳ್ಳುವುದೇನೋ ಸರಿಯಾಗಿಯೇ ಅಂಟಿಕೊಳ್ಳುತ್ತದೆ, ಆದರೆ ಅಂಟಿಕೊಂಡ ಜಾಗದಲ್ಲಿ ಬಿಡುವ ಪರ್ಫೋರಿನ್ ಕಡಿಮೆ. ತಲಾ ಕೋಶದ ಸಾಮರ್ಥ್ಯ ತಗ್ಗಿದ್ದನ್ನು ದೇಹ ತಲೆಗಳನ್ನು ಹೆಚ್ಚಿಸಿ ತುಂಬಿಕೊಳ್ಳುತ್ತಿದೆ ಎಂದು ತೋರುತ್ತದೆ. ವಿಭಜನೆ ನಿಂತು, ಸಾಯದೆ, ಉರಿಯೂತದ ರಸಗಳನ್ನು ಸುರಿಸುತ್ತ ಉಳಿದಿರುವ ಜೀರ್ಣ ಕೋಶಗಳನ್ನು ತೆಗೆದುಹಾಕುವುದೂ ಇವುಗಳ ಕೆಲಸ. ಇವು ಸೋತಷ್ಟೂ ಅಂಥ ಕೋಶಗಳು ಕೂಡಿಬೀಳುತ್ತವೆ, ಅವು ಕೂಡಿಬಿದ್ದಷ್ಟೂ ಕಿರುಉರಿ ಏರುತ್ತದೆ.

ಇವೆಲ್ಲದರ ತವರು ಅಸ್ಥಿಮಜ್ಜೆ. ವಯಸ್ಸಾದಂತೆ ಅಲ್ಲಿ ಕೊಬ್ಬು ತುಂಬುತ್ತದೆ, ರಕ್ತದ ಮೂಲಕೋಶಗಳು ಲಿಂಫೋಸೈಟ್‌ಗಳ (ಟಿ, ಬಿ ಕೋಶಗಳ ಗುಂಪಿನ) ಬದಲು ನ್ಯೂಟ್ರೋಫಿಲ್-ಮೊನೊಸೈಟ್‌ಗಳ ವಂಶದ ಕಡೆಗೆ ಹೆಚ್ಚು ವಾಲುತ್ತವೆ. ಸ್ಲೈಡಿನಲ್ಲಿ ಸಂಖ್ಯೆ ಕುಗ್ಗದೆ ಕಾಣಲು ಇದೂ ಒಂದು ಕಾರಣ. 2014ರಲ್ಲಿ ಹಲವು ತಂಡಗಳು ಇನ್ನೊಂದು ಸಂಗತಿಯನ್ನು ಹೊರತಂದವು: ಎಪ್ಪತ್ತು ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತಕಣಗಳ ಗಣನೀಯ ಭಾಗ, ಡಿಎನ್ಎಂಟಿ3ಎ ಅಥವಾ ಟೆಟ್2ನಂಥ ಜೀನಿನಲ್ಲಿ ರೂಪಾಂತರಗೊಂಡ ಒಂದೇ ಮೂಲಕೋಶದ ಸಂತಾನವಾಗಿರುತ್ತದೆ. ಅವರಿಗೆ ರಕ್ತದ ಕ್ಯಾನ್ಸರ್ ಇರುವುದಿಲ್ಲ, ಎಣಿಕೆಯೂ ಸಹಜವಾಗಿಯೇ ಇರುತ್ತದೆ. ಆದರೆ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಅವರಲ್ಲಿ ಹೆಚ್ಚು. ಇಲಿಗಳಲ್ಲಿ ಟೆಟ್2 ಇಲ್ಲದ ಮ್ಯಾಕ್ರೋಫೇಜ್‌ಗಳು ಉರಿಯೂತದ ರಸಗಳನ್ನು ಹೆಚ್ಚಾಗಿ ಸುರಿಸುವುದನ್ನು ಕಂಡ ಮೇಲೆ ಅದರ ಕಾರಣವೂ ಸ್ಪಷ್ಟವಾಗುತ್ತಿದೆ.

ಇದನ್ನೆಲ್ಲ ಓದಿದವರು ಮಾಡಬಹುದಾದದ್ದೇನು ಎಂದು ಕೇಳುವುದು ಸಹಜ. 'ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಮಾರುವ ಪುಡಿ, ಗುಳಿಗೆ, ಕಷಾಯಗಳ ಬಗ್ಗೆ ನನಗೆ ಮೊದಲೂ ಗೌರವವಿರಲಿಲ್ಲ, ಈಗ ಇನ್ನೂ ಕಡಿಮೆಯಾಗಿದೆ. ದಿಕ್ಕು ತಪ್ಪಿದ ಕಣವನ್ನು 'ಹೆಚ್ಚಿಸುವುದು' ಎಂದರೆ ಅಲೆದಾಟವನ್ನು ಹೆಚ್ಚಿಸುವುದು ಎಂದೇ ಅರ್ಥವಾಗಬಹುದು. ದಿನವೂ ಹೆಚ್ಚು ನಡೆಯುವ ಹಿರಿಯರ ನ್ಯೂಟ್ರೋಫಿಲ್‌ಗಳು, ಕುಳಿತೇ ಇರುವ ಅದೇ ವಯಸ್ಸಿನವರಿಗಿಂತ ಚೆನ್ನಾಗಿ ಗುರಿಯತ್ತ ಚಲಿಸುತ್ತವೆ ಎಂದು ಬರ್ಮಿಂಗ್‌ಹ್ಯಾಮ್‌ನ ಇನ್ನೊಂದು ಅಧ್ಯಯನ ತೋರಿಸಿದೆ. ನಡಿಗೆಯೇ ಕಾರಣವೋ, ಆರೋಗ್ಯವಿರುವವರು ಹೆಚ್ಚು ನಡೆಯುತ್ತಾರೋ ಎಂಬುದನ್ನು ಅಂಥ ಅಧ್ಯಯನ ಬಿಡಿಸಿ ಹೇಳಲಾರದು, ಆದರೆ ನಡೆಯುವುದರಿಂದ ನಷ್ಟವಂತೂ ಇಲ್ಲ. ಕೊಲೆಸ್ಟೆರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಔಷಧಿ ಹಿರಿಯರ ನ್ಯೂಟ್ರೋಫಿಲ್‌ಗಳ ದಿಕ್ಕನ್ನು ಸುಧಾರಿಸಬಲ್ಲದು ಎಂದು ಸಣ್ಣ ಪ್ರಯೋಗಗಳು ಸೂಚಿಸಿವೆ. ಅದನ್ನು ನಂಬಿ ಯಾರೂ ತಾವಾಗಿಯೇ ಮಾತ್ರೆ ನುಂಗಬಾರದು. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳ ಫಲ ಹಿರಿಯರಲ್ಲಿ ಕಡಿಮೆಯಾದರೂ, ಮೊದಲ ಸಾಲಿನ ಕಾವಲು ಸಡಿಲವಾಗಿರುವವರಿಗೇ ಅವು ಹೆಚ್ಚು ಬೇಕಾಗಿರುವುದು.

ತಾಯಿಯವರು ಹನ್ನೊಂದು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಬಂದರು. ಹೊರಡುವ ಮುನ್ನ ಮತ್ತೊಮ್ಮೆ ರಕ್ತ ತೆಗೆದಾಗ ಒಟ್ಟು ಸಂಖ್ಯೆ 7,900 ಇತ್ತು. ಸೋಂಕು ಉಕ್ಕುತ್ತಿದ್ದ ದಿನಕ್ಕೂ ಗುಣವಾದ ದಿನಕ್ಕೂ ಇದ್ದ ಅಂತರ ಐದುನೂರು. ಪಟ್ಟಿಯಾಕಾರದ ಎಳೆಯ ಕಣಗಳು ಮಾಯವಾಗಿದ್ದವು. ಕಣಗಳ ಓಟವನ್ನು ಅಳೆಯುವ ಪರೀಕ್ಷೆಯನ್ನು ಸಾಮಾನ್ಯ ಪ್ರಯೋಗಾಲಯಗಳಲ್ಲಿ ಏಕೆ ಮಾಡುವುದಿಲ್ಲ ಎಂದು ನನ್ನ ಮಗಳು ಆಗ ಕೇಳಿದಳು. ನ್ಯೂಟ್ರೋಫಿಲ್‌ಗಳನ್ನು ಹೆಪ್ಪುಗಟ್ಟಿಸಿ ಕಾಪಿಡಲಾಗುವುದಿಲ್ಲ, ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ, ಬೇರ್ಪಡಿಸುವಾಗ ಸ್ವಲ್ಪ ಒರಟಾಗಿ ಅಲುಗಿಸಿದರೂ ತಾವಾಗಿಯೇ ಕೆರಳುತ್ತವೆ, ಮತ್ತು ಒಂದೊಂದು ಕಣದ ಜಾಡನ್ನೂ ಚಿತ್ರಗಳಿಂದ ಹಿಡಿದು ಅಳೆಯಬೇಕು ಎಂದು ಹೇಳಿದೆ. ನೂರು ಕಣಗಳನ್ನು ಎಣಿಸಲು ನನಗೆ ಐದು ನಿಮಿಷಗಳೂ ಬೇಕಾಗುತ್ತಿರಲಿಲ್ಲ.